ಅಂಡಮಾನಿನಲ್ಲಿ ಕೊಟ್ಟ ಮುಡಿ

"ಇನ್ನೊಂದ್ ಕಿತ ಅನ್ರಪ್ಪಾ, ಮಗೀಗೂ ಕೇಳಿಸ್ಲಿ," ಎಂದಳು ಸೊಣ್ಣಮ್ಮ ಫೋನಿನ ಆ ಕಡೆಯಿಂದ.

ಮಹೇಂದ್ರ ಫೋನನ್ನು ಬಸವಕಿರಣನ ಬಾಯಿಯ ಹತ್ತಿರ ಹಿಡಿದ. ಒದ್ದೆ ಚಡ್ಡಿ, ಮೈತುಂಬ ಮರಳು, ಕೈಯಲ್ಲಿ ಅರ್ಧ ಖಾಲಿಯಾದ ಬಿಯರ್ ಡಬ್ಬಿ. ಆ ಅವತಾರದಲ್ಲೇ ಬಸವಕಿರಣ ಕಣ್ಣು ಮುಚ್ಚಿ, ಇನ್ನೊಂದು ಕೈ ಮೇಲೆತ್ತಿ, "ಏಡುಕೊಂಡಲವಾಡಾ ವೆಂಕಟರಮಣಾ" ಎಂದು ರಾಗವಾಗಿ ಎಳೆದ. ಮಹೇಂದ್ರ "ಗೋವಿಂದಾ ಗೋವಿಂದ" ಎಂದು ಸೇರಿಸಿದ. ಸಿದ್ದಲಿಂಗನ ತುಟಿ ಮಾತ್ರ ಅಲ್ಲಾಡಿತು. ತೆಂಗಿನ ಮರದ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಹೊಸ ಮದುಮಕ್ಕಳು ಇವರ ಕಡೆ ತಿರುಗಿ ನೋಡಿ ನಕ್ಕರು. ಫೋನಿನೊಳಗೆ ಸೊಣ್ಣಮ್ಮನೂ ಮೊಮ್ಮಗಳು ಸ್ನೇಹಾಳೂ ಒಟ್ಟಿಗೆ ಗೋವಿಂದ ಎಂದಿದ್ದು ಸಣ್ಣಗೆ ಕೇಳಿಸಿತು.

"ಅದೇನೋ ಅದು, ಬೋರೋ ಅಂತೈತೆ?"

"ಜನ ಕಣಮ್ಮ, ಕ್ಯೂನಲ್ಲಿ ಜನ. ಇನ್ನೇನ್ ಫೋನ್ ಒಳಗೆ ಬಿಡಲ್ಲ, ಕೌಂಟರ್‌ನಲ್ಲಿ ಕೊಟ್ಬಿಡ್ಬೇಕು. ನಾಳೆ ಮಾಡ್ತೀನಿ."

ಬೋರೋ ಎನ್ನುತ್ತಿದ್ದದ್ದು ಹ್ಯಾವ್‌ಲಾಕ್ ದ್ವೀಪದ ಸಮುದ್ರ. ಮಹೇಂದ್ರ ಫೋನನ್ನು ಆಫ್ ಮಾಡಿ ಮರಳಿನ ಮೇಲೆ ಹಾಸಿದ್ದ ಟವೆಲ್ಲಿನ ಕೆಳಗೆ ತುರುಕಿದ. ಬಸವಕಿರಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸಿದ್ದಲಿಂಗ ಎದ್ದು ನೀರಿನ ಕಡೆ ಹೋದ.

ಮಹೇಂದ್ರ ಕೆಟ್ಟವನಲ್ಲ. ಬೆಂಗಳೂರಿನ ಅಂಚಿನಲ್ಲಿರುವ ಅವನ ಊರು ಸಿಂಗಾಪುರದಲ್ಲಿ ಯಾರನ್ನು ಬೇಕಾದರೂ ಕೇಳಿ, ಸೊಣ್ಣಮ್ಮನ ಮಗ ಬಂಗಾರದಂಥ ಹುಡುಗ ಎನ್ನುತ್ತಾರೆ. ವಿದ್ಯಾರಣ್ಯಪುರದ ರಸ್ತೆಯಲ್ಲಿ ಅವನ ಟೈಲ್ಸ್ ಅಂಗಡಿಯಿದೆ. ಅಲ್ಲಿಗೆ ಬಂದವರು ಯಾವ ಬಣ್ಣ ಕೇಳಿದರೂ, ಸ್ಟಾಕು ಇರಲಿ ಇಲ್ಲದಿರಲಿ, ಆಯ್ತು ಸಾರ್ ತರಿಸಿಕೊಡ್ತೀನಿ ಎನ್ನುತ್ತಾನೆ. ಅವನ ಕಾಯಿಲೆಯೇ ಅದು. ಎದುರಿಗೆ ನಿಂತವರ ಮುಖ ನೋಡಿಕೊಂಡು ಇಲ್ಲ ಎನ್ನಲು ಅವನಿಗೆ ಬಾಯೇ ಬರುವುದಿಲ್ಲ. ಆಮೇಲೆ ಆ ಹೂಂಗಳನ್ನೆಲ್ಲ ನಿಭಾಯಿಸಲು ಒದ್ದಾಡುತ್ತಾನೆ.

ಹೋದ ವರ್ಷದ ಮಳೆಗಾಲದಲ್ಲಿ ಸ್ನೇಹಾಗೆ ಡೆಂಗಿ ಬಂದಿತ್ತು. ಮೊದಮೊದಲು ಸಾಮಾನ್ಯ ಜ್ವರವೆಂದುಕೊಂಡಿದ್ದರು. ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮಗುವಿನ ವಸಡಿನಲ್ಲಿ ರಕ್ತ ಜಿನುಗುತ್ತಿತ್ತು, ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಡಾಕ್ಟರು ಏನೂ ಹೇಳಲಿಕ್ಕಾಗದು ಎಂದ ದಿನ ಸೊಣ್ಣಮ್ಮ ವಾರ್ಡಿನ ಹೊರಗೆ, ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಪೂರ್ವಕ್ಕೆ ಮುಖ ಮಾಡಿ ನಿಂತಳು.

"ತಿಮ್ಮಪ್ಪಾ, ಈ ಕೂಸ್ನ ಉಳಿಸ್ಕೊಡು. ಇವಳಪ್ಪ ಕಾಲ್ನಡಿಗೇಲಿ ನಿನ್ ಬೆಟ್ಟ ಅತ್ತಿ ಮುಡಿ ಕೊಡ್ತಾನೆ. ಅಲ್ಲಿಗಂಟ ನಾನು ಎಲೆಡ್ಕೆ ಮುಟ್ಟಾಕಿಲ್ಲ."

ಸೊಣ್ಣಮ್ಮ ಎಲೆಅಡಿಕೆ ಬಿಡುವುದೆಂದರೆ ಏನೆಂದು ಅವಳನ್ನು ಬಲ್ಲವರಿಗೇ ಗೊತ್ತು. ಗಂಡ ಸತ್ತ ದಿನವೂ ಸಂಜೆಯ ಹೊತ್ತಿಗೆ ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದ ಹೆಂಗಸು ಅವಳು. ಮಗು ಉಳಿಯಿತು. ವಾರ ಕಳೆಯುವುದರೊಳಗೆ ಎದ್ದು ಕೂತು ಮಸಾಲೆ ದೋಸೆ ಕೇಳಿತು. ಡಾಕ್ಟರು ಅದಕ್ಕೆ ಏನೇನೋ ಕಾರಣ ಹೇಳಿದರು. ಮನೆಯವರಿಗೆ ಕಾರಣ ಗೊತ್ತಿತ್ತು. ಮಹೇಂದ್ರನೂ ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಮಗಳು ಮನೆಗೆ ಬಂದ ಮಾರನೇ ದಿನವೇ ಬೆಟ್ಟ ಹತ್ತುತ್ತೇನೆ ಎಂದುಕೊಂಡು ಅತ್ತಿದ್ದ. ಆದರೆ ಮಾರನೇ ದಿನ ಅಂಗಡಿಗೆ ಲೋಡು ಬಂತು. ಆಮೇಲೆ ದೀಪಾವಳಿ, ಆಮೇಲೆ ಗೃಹಪ್ರವೇಶಗಳ ಸೀಸನ್ನು. ಮುಂದಿನ ತಿಂಗಳು ಅಮ್ಮ, ಮುಂದಿನ ತಿಂಗಳು ಎನ್ನುತ್ತಾ ವರ್ಷವೇ ಉರುಳುವ ಹಾಗಾಯಿತು. ಸೊಣ್ಣಮ್ಮ ಊಟವಾದ ಮೇಲೆ ಬರೀ ಲವಂಗ ಜಗಿಯುತ್ತಾ ಮಗನ ಮುಖ ನೋಡುತ್ತಿದ್ದಳು.

ಬಸವಕಿರಣ, ಸಿದ್ದಲಿಂಗ ಇಬ್ಬರೂ ವಿಜಯಪುರದ ಕಡೆಯವರು. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆಂದು ಬಂದ ಹೊಸದರಲ್ಲಿ ಮಹೇಂದ್ರನ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದರು. ಭಾನುವಾರ ಬಂದರೆ ಸೊಣ್ಣಮ್ಮ ಕೆಳಗಿನಿಂದಲೇ ಕೂಗಿ ಕರೆದು, ಮುದ್ದೆ ನುಂಗಲು ಬಾರದ ಆ ಹುಡುಗರಿಗೆ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಿದ್ದಳು. ಮದುವೆಯಾಗಿ ಈಗ ಇಬ್ಬರೂ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ್ದಾರೆ. ಅಂಡಮಾನಿಗೆ ಹೋಗಬೇಕೆನ್ನುವುದು ಆ ರೂಮಿನ ಮುಂದಿನ ತಾರಸಿಯ ಮೇಲೆ ಹುಟ್ಟಿದ ಆಸೆ. ಮೂರು ಸಲ ದಿನ ಗೊತ್ತು ಮಾಡಿದ್ದರು, ಮೂರು ಸಲವೂ ಮಹೇಂದ್ರನಿಂದಲೇ ತಪ್ಪಿತ್ತು. ಈಗ ಬಸವಕಿರಣನಿಗೆ ಪುಣೆಗೆ ವರ್ಗವಾಗಿತ್ತು. ಅವನು ಅಂಗಡಿಗೇ ಬಂದು ಟೈಲ್ಸಿನ ಪೆಟ್ಟಿಗೆಯ ಮೇಲೆ ಕೂತು ಹೇಳಿದ:

"ಈ ಸರ್ತಿ ನೀ ಬರ್ಲಿಲ್ಲಂದ್ರ ಮುಗೀತ ನೋಡಪಾ. ಇನ್ನ ನಿನಗ ಕರಿಯೂದಿಲ್ಲ."

ಮಹೇಂದ್ರ ಹೂಂ ಎಂದ. ಬಸವಕಿರಣ ಅಲ್ಲೇ ಕೂತು ಮೂವರಿಗೂ ವಿಮಾನದ ಟಿಕೇಟು ಮಾಡಿದ.

ಅದೇ ದಿನ ಸಂಜೆ ಮನೆಗೆ ಬಂದರೆ ತಾಯಿ ನಡುಮನೆಯಲ್ಲಿ ಕಾಯುತ್ತಿದ್ದಳು. ಮಗನನ್ನು ನಂಬಿದರೆ ಆಗುವುದಿಲ್ಲವೆಂದು ತಾನೇ ಜೋಯಿಸರನ್ನು ಕೇಳಿ ದಿನ ಇಡಿಸಿದ್ದಳು. ತಿರುಪತಿಯಿಂದ ಬಂದ ಮೇಲೆ ಮನೆಯಲ್ಲಿ ಹರಿಸೇವೆ ಮಾಡಬೇಕಲ್ಲ, ಅದಕ್ಕೆ ಪೂಜೆ ಮಾಡಿಸುವ ದಾಸಯ್ಯನಿಗೂ ಹೇಳಿ ಕಳಿಸಿಯಾಗಿತ್ತು, ಅಡುಗೆಯವರಿಗೂ ಹೇಳಿಯಾಗಿತ್ತು, ನೆಂಟರಿಗೂ ಫೋನು ಹೋಗಿತ್ತು. ಶನಿವಾರ ಹರಿಸೇವೆ. ಆ ವಾರದಲ್ಲೇ ಹೋಗಿ ಶುಕ್ರವಾರ ಬಂದುಬಿಡು ಎಂದಳು. ಮಹೇಂದ್ರನ ಅಂಡಮಾನಿನ ಟಿಕೇಟೂ ಅದೇ ವಾರ! ಬಾಯಿ ಬಿಟ್ಟು ಹೇಳಬೇಕೆಂದುಕೊಂಡ. ತಾಯಿಯ ಮುಖ ನೋಡಿದ. ಹೂಂ ಎಂದ.

ಆಮೇಲೆ ಅವನ ತಲೆಗೆ ಹೊಳೆದ ಉಪಾಯವಿದು. ಈಗ ಗೆಳೆಯರ ಜೊತೆ ತಿರುಪತಿಗೆ ಹೋಗುತ್ತೇನೆಂದು ಹೇಳಿ ಅಂಡಮಾನಿಗೆ ಹೋಗುವುದು. ತಿಂಗಳು ಬಿಟ್ಟು, ಯಾರಿಗೂ ಗೊತ್ತಾಗದಂತೆ, ಒಬ್ಬನೇ ಬೆಟ್ಟ ಹತ್ತಿ ಹರಕೆ ತೀರಿಸಿ ಬರುವುದು. ತಿಮ್ಮಪ್ಪನಿಗೂ ಮೋಸವಿಲ್ಲ, ಸ್ನೇಹಿತರಿಗೂ ಬೇಜಾರಿಲ್ಲ. ಹೆಂಡತಿ ಮೋನಿಕಾ ಹೇಗೂ ಬರುವಂತಿರಲಿಲ್ಲ, ಮಗಳಿಗೆ ಪರೀಕ್ಷೆಯಿತ್ತು. ಸೊಣ್ಣಮ್ಮನಿಗೆ ಮಂಡಿನೋವು. ಲಿಂಗಾಯತರ ಹುಡುಗರಾದರೂ ನಮ್ಮ ತಿಮ್ಮಪ್ಪನನ್ನು ನೋಡಲು ಹೋಗುತ್ತಿದ್ದಾರೆಂದು ಅವಳು ಕೇರಿಗೆಲ್ಲ ಹೇಳಿಕೊಂಡು ಬಂದಳು. ಹೊರಡುವ ದಿನ ಮೂವರ ಕೈಗೂ ಒಂದೊಂದು ಪೊಟ್ಟಣ ಪುಳಿಯೋಗರೆ ಕೊಟ್ಟಳು. ಅದನ್ನು ಅವರು ಏರ್‌ಪೋರ್ಟಿನಲ್ಲಿ ತಿಂದರು.

ದ್ವೀಪ ಚೆನ್ನಾಗಿತ್ತು. ಇಲ್ಲವೆನ್ನುವಂತೆಯೇ ಇಲ್ಲ. ನೀರು ಹಸಿರೆಂದರೆ ಹಸಿರು, ನೀಲಿಯೆಂದರೆ ನೀಲಿ. ರೆಸಾರ್ಟಿನ ಮುಂದೆ ಎರಡು ಮರಗಳ ನಡುವೆ ಬಲೆಯ ಉಯ್ಯಾಲೆ. ಬೆಳಗೆದ್ದರೆ ಮೀನು ನೋಡಲು ಮುಖಕ್ಕೆ ಕನ್ನಡಕ ಕಟ್ಟಿಕೊಂಡು ನೀರಿಗಿಳಿಯುವುದು, ಮಧ್ಯಾಹ್ನ ಉಂಡು ಮಲಗುವುದು, ಸಂಜೆ ದಡದಲ್ಲಿ ಕಾಲು ಚಾಚುವುದು. ಬಸವಕಿರಣ ಹಳೆಯ ಮಾತುಗಳನ್ನೆಲ್ಲ ಕೆದಕಿ ನಗಿಸುತ್ತಿದ್ದ. ಮಹೇಂದ್ರನೂ ನಗುತ್ತಿದ್ದ. ನಗುತ್ತಲೇ, ಈ ಹೊತ್ತಿಗೆ ನಾವು ಅಲಿಪಿರಿಯ ಮೆಟ್ಟಿಲ ಹತ್ತಿರ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದ. ತಾಯಿ ಕೇಳಿದರೆ ಹೇಳಬೇಕಲ್ಲ! ಉಯ್ಯಾಲೆಯಲ್ಲಿ ಮಲಗಿ, ಸಿಕ್ಕೀ ಸಿಗದ ನೆಟ್‌ವರ್ಕಿನಲ್ಲಿ, ತಿರುಪತಿಯಲ್ಲಿ ಇವತ್ತು ಎಷ್ಟು ಜನ, ಮಳೆಯೋ ಬಿಸಿಲೋ ಎಂದು ನೋಡುತ್ತಿದ್ದ. ಗಾಳಿಗೋಪುರ ದಾಟಿದೆವು, ಮಂಡಿ ನೋಯುತ್ತಿದೆ ಎಂದು ಹೇಳಿದ. ತಾಯಿ ಆ ಕಡೆಯಿಂದ, ಕೂತ್ಕೊಂಡ್ ಕೂತ್ಕೊಂಡ್ ಮೆಟ್ಲು ಅತ್ತಪ್ಪಾ, ಅವಸರ ಮಾಡ್ಬೇಡ ಎಂದಳು.

ಹೊರಟುಬಿಡೋಣವೆಂದರೆ ಹೊರಡಲು ಅದು ದೇವನಹಳ್ಳಿಯೇ? ಹಡಗುಕಟ್ಟೆಯಿಂದ ಬೀಚಿಗೆ ಒಂದು ರಸ್ತೆ. ಹೋದರೆ ಅದೇ ರಸ್ತೆಯಲ್ಲಿ ವಾಪಸು ಬರಬೇಕು. ಒಮ್ಮೆ ಸ್ಕೂಟರು ಬಾಡಿಗೆಗೆ ತೆಗೆದುಕೊಂಡು ಒಬ್ಬನೇ ಹೋದ. ರಸ್ತೆ ಮುಗಿದು ಮತ್ತೆ ಸಮುದ್ರ ಬಂತು. ಅಲ್ಲಿ ಕೂತು ಎಳನೀರು ಕುಡಿದು, ತಾನು ಯಾಕೆ ಹೀಗೆ ಎಂದು ತನ್ನನ್ನೇ ಬೈದುಕೊಂಡು ವಾಪಸಾದ.

ಸಿದ್ದಲಿಂಗ ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಗೋವಿಂದನ ಕೂಗಿನ ದಿನ ಊಟಕ್ಕೆ ಕೂತಾಗ ಅವನು ಮೀನಿನ ತಟ್ಟೆಯನ್ನು ದೂರ ಸರಿಸಿ ಹೇಳಿದ:

"ಅವ್ವನ ಕೈಲೆ ಉಂಡೇವಪಾ ನಾವು. ನನಗ ಸರಿ ಅನ್ನಿಸವಲ್ದು."

ಬಸವಕಿರಣ, ಬಂದದ್ದು ಬಂದಾಗಿದೆ, ಈಗ ಮುಖ ಗಂಟು ಹಾಕಿಕೊಂಡರೆ ಏನು ಬಂತು ಎಂದು ಅವನ ಬಾಯಿ ಮುಚ್ಚಿಸಿದ. ಮಹೇಂದ್ರ ಇಬ್ಬರ ಮಾತಿಗೂ ತಲೆಯಾಡಿಸಿದ.

ಮುಡಿ ಕೊಟ್ಟು ಬಂದವನ ತಲೆಯಲ್ಲಿ ಕೂದಲಿರುವಂತಿಲ್ಲ. ಈ ಮಾತು ಮಹೇಂದ್ರನಿಗೆ ಹೊರಡುವ ಮೊದಲೇ ಗೊತ್ತಿತ್ತು, ಆದರೆ ಅದರ ಮುಂದಿನದನ್ನು ಅವನು ಯೋಚಿಸಿರಲಿಲ್ಲ. ದ್ವೀಪದ ಕೊನೆಯ ದಿನ ಮಾರುಕಟ್ಟೆಯ ಸಣ್ಣ ಸಲೂನಿಗೆ ಹೋದರು. ಪೂರ್ತಿ ಬೋಳಿಸು ಎಂದಾಗ ಬಂಗಾಳಿ ಕ್ಷೌರಿಕ ದನಿ ತಗ್ಗಿಸಿ, ಮನೆಯಲ್ಲಿ ತಂದೆ ಹೋದರೇ ಎಂದು ಹಿಂದಿಯಲ್ಲಿ ಕೇಳಿದ. ಮಹೇಂದ್ರ ಇಲ್ಲವೆಂದು ತಲೆಯಾಡಿಸಿದ. ಕ್ಷೌರಿಕ ನಂಬಲಿಲ್ಲ, ಪಾಪ, ಹಾಕಿದ್ದ ಹಾಡನ್ನು ನಿಲ್ಲಿಸಿ ಮೆತ್ತಗೆ ಕೆಲಸ ಶುರುಮಾಡಿದ. ಬಸವಕಿರಣ ವಿಡಿಯೋ ಮಾಡಲು ಫೋನು ತೆಗೆದ. ಸಿದ್ದಲಿಂಗ ಅದನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ.

ಮುಗಿದ ಮೇಲೆ ಕ್ಷೌರಿಕ ಪೊರಕೆ ತಂದು, ಕೆಳಗೆ ಬಿದ್ದದ್ದನ್ನು ಗುಡಿಸಿ, ಬೆಳಗಿನಿಂದ ಬಿದ್ದಿದ್ದ ಬೇರೆಯವರ ಕೂದಲ ಗುಡ್ಡೆಗೆ ಸೇರಿಸಿದ. ಬೀಡಿ ತುಂಡುಗಳೂ ಅದರಲ್ಲಿದ್ದವು. ಮಹೇಂದ್ರ ಕುರ್ಚಿಯಿಂದ ಏಳದೆ ಅದನ್ನೇ ನೋಡಿದ. ಮಗಳು ಆಸ್ಪತ್ರೆಯಲ್ಲಿದ್ದಾಗಿನಿಂದ ತಿಮ್ಮಪ್ಪನಿಗೆ ಸೇರಬೇಕಾಗಿದ್ದ ಕೂದಲು. ಈಗ ಇಲ್ಲಿಂದಲೇ ತಿರುಪತಿಗೆ ಓಡಿದರೂ ಕೊಡಲು ಅವನ ತಲೆಯಲ್ಲಿ ಏನೂ ಇರಲಿಲ್ಲ. ಮತ್ತೆ ಬೆಳೆಯಬೇಕು. ಬೆಳೆದ ಮೇಲೆ ಗುಟ್ಟಾಗಿ ಹೋಗಿ ಕೊಟ್ಟು ಬಂದರೆ, ಇನ್ನೊಮ್ಮೆ ಯಾಕೆ ಬೋಳಿಸಿದೆ ಎಂದು ಮನೆಯಲ್ಲಿ ಕೇಳುತ್ತಾರೆ. ಅವನ ಉಪಾಯ ಅಲ್ಲಿಗೆ ಮುಗಿಯಿತು.

ಬೆಂಗಳೂರಿಗೆ ಇಳಿದ ಮೇಲೆ ಸೀದಾ ಮನೆಗೆ ಹೋಗುವಂತಿರಲಿಲ್ಲ, ತಿರುಪತಿಯ ಬಸ್ಸು ಬರುವ ಹೊತ್ತಾಗಬೇಕಿತ್ತು. ಹೆಬ್ಬಾಳದಲ್ಲಿ ಟ್ಯಾಕ್ಸಿ ಬಿಟ್ಟು ಒಂದು ಹೋಟೆಲಿನಲ್ಲಿ ಕಾಫಿಯ ಮೇಲೆ ಕಾಫಿ ಕುಡಿಯುತ್ತಾ ಕೂತರು. ಸಿದ್ದಲಿಂಗನ ಜೊತೆ ಕೆಲಸ ಮಾಡುವವನೊಬ್ಬ ಹೋದ ವಾರ ತಿರುಪತಿಗೆ ಹೋಗಿಬಂದಿದ್ದ. ಅವನಿಂದ ತೆಗೆದಿರಿಸಿದ್ದ ಲಾಡುಗಳನ್ನು ಸಿದ್ದಲಿಂಗ ಮನೆಗೆ ಹೋಗಿ ತಂದುಕೊಟ್ಟ. ಕೊಡುವಾಗ ಮಹೇಂದ್ರನ ಮುಖ ನೋಡಲಿಲ್ಲ. ಹೋಟೆಲಿನ ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಲ್ಲಿಸಿ ಬಸವಕಿರಣ ಗೆಳೆಯನ ಹಣೆಗೆ ನಾಮ ಎಳೆದ. ಒಂದು ಸೊಟ್ಟಗಾಯಿತು. ಅಳಿಸಿ ಇನ್ನೊಂದು ಎಳೆದ.

ಸಿಂಗಾಪುರದ ಮನೆಯ ಬಾಗಿಲಲ್ಲಿ ಸೊಣ್ಣಮ್ಮ ಚೊಂಬು ಹಿಡಿದು ನಿಂತಿದ್ದಳು. ಹೊಸಿಲ ಹೊರಗೇ ಮಗನನ್ನು ನಿಲ್ಲಿಸಿ, ಮಂಡಿನೋವನ್ನೂ ಮರೆತು ಬಗ್ಗಿ, ಅವನ ಕಾಲಿಗೆ ಬೆಚ್ಚನೆಯ ನೀರು ಹೊಯ್ದಳು. ಬೆಟ್ಟ ಹತ್ತಿದ ಕಾಲೆಂದು ಪಾದವನ್ನು ಕೈಯಾರೆ ತಿಕ್ಕಿದಳು. ಆಮೇಲೆ ನೆಟ್ಟಗಾಗಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಮರುಗಿದಳು.

"ಬಿಸ್ಲಲ್ ನಿಂತು ನಿಂತು ಎಂಗ್ ಸುಟ್ಟೋಗವ್ನೆ ನನ್ ಮಗ."

ಸ್ನೇಹಾ ಓಡಿಬಂದು ಅಪ್ಪನ ಬೋಳುತಲೆಯನ್ನು ಸವರಿ ಸವರಿ ನಕ್ಕಳು. ಪಕ್ಕದಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿದ್ದ ಮೋನಿಕಾ ಗಂಡನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಮುಖವೆಲ್ಲ ಕಪ್ಪಗೆ ಸುಟ್ಟಿತ್ತು. ಕಣ್ಣು ಮೂಗಿನ ಸುತ್ತ ಮಾತ್ರ, ಕನ್ನಡಕ ಕಟ್ಟಿದ್ದ ಕಡೆ, ಬೆಳ್ಳಗೆ ಉಳಿದಿತ್ತು. ಆಮೇಲೆ ಆರತಿ ಬೆಳಗಿದಳು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಬ್ಯಾಗು ಕೋಣೆಯಲ್ಲಿರಲಿಲ್ಲ. ಒಗೆಯಲು ಮೋನಿಕಾ ತಾರಸಿಗೆ ಒಯ್ದಿದ್ದಳು. ಮಹೇಂದ್ರ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ವಾಷಿಂಗ್ ಮಷೀನಿನ ಮುಂದೆ ಅವಳು ಅವನ ಚಡ್ಡಿಯ ಜೇಬನ್ನು ಹೊರಗೆಳೆದು ನಿಂತಿದ್ದಳು. ಉಪ್ಪು ಒಣಗಿ ಬಟ್ಟೆ ಸೆಟೆದುಕೊಂಡಿತ್ತು. ಅಂಗೈಯಲ್ಲಿ ಬಿಳಿ ಮರಳು, ಎರಡು ಚಿಪ್ಪು.

"ತಿರುಪ್ತೀಲಿ ಸಮುದ್ರ ಯಾವಾಗಿಂದ ಬಂತು ರೀ?"

ಮಹೇಂದ್ರ ತಾರಸಿಯ ಬಾಗಿಲು ಹಾಕಿ ಬಂದು ಎಲ್ಲವನ್ನೂ ಹೇಳಿದ. ಬಸವಕಿರಣನ ವರ್ಗದಿಂದ ಹಿಡಿದು ಸಲೂನಿನವರೆಗೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಅವನಿಗೆ ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಎಲ್ಲ ಮುಗಿದ ಮೇಲೆ, ಕೂದಲು ಬೆಳೆದ ಕೂಡಲೇ ಹೋಗಿ ಕೊಟ್ಟು ಬರ್ತೀನಿ, ಆಣೆ, ಎಂದ.

"ಅಲ್ಲೀವರ್ಗೂ? ಮಗೂಗೆ ಒಂದ್ ನೆಗಡಿ ಆದ್ರೂ ನಾನ್ ಏನಂತ ಅನ್ಕೊಳ್ಳಿ?"

ಅವಳು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು, ಮೆತ್ತಗೆ ಹೇಳಿದಳು. ಅತ್ತೆ ಆಸ್ಪತ್ರೆಯಲ್ಲಿ ಹರಕೆ ಹೊತ್ತಾಗ ಅವಳೂ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಇದರಲ್ಲೆಲ್ಲ ಅಷ್ಟು ನಂಬಿಕೆಯಿರಲಿಲ್ಲ. ಆದರೆ ಆವತ್ತು ಕೈಮುಗಿದು, ಹೌದು ತಿಮ್ಮಪ್ಪ, ಕೊಡ್ತೀವಿ ಎಂದಿದ್ದಳು. ಮಗುವಿನ ಕೈಗೆ ಸೂಜಿ ಚುಚ್ಚಿದ ಕಡೆಯಿಂದ ರಕ್ತ ನಿಲ್ಲುತ್ತಿರಲಿಲ್ಲ. ಆ ರಾತ್ರಿಯೆಲ್ಲ ಅದನ್ನು ಒತ್ತಿ ಹಿಡಿದುಕೊಂಡು ಕೂತಿದ್ದವಳು ತಾನೇ.

"ಅತ್ತೆಗೆ ಹೇಳಿ," ಎಂದಳು. "ಈಗ್ಲೇ ಕೆಳಗೆ ಹೋಗಿ ಹೇಳ್ಬಿಡಿ."

ಕೆಳಗೆ ಅಂಗಳದಲ್ಲಿ ಶಾಮಿಯಾನದವರು ಕಂಬ ನೆಡುತ್ತಿದ್ದರು. ಬಾಳೆ ಎಲೆಯ ಕಟ್ಟು ಬಂದಿಳಿದಿತ್ತು. ಸೊಣ್ಣಮ್ಮನ ಅಕ್ಕ ಚನ್ನಕ್ಕ ಆಗಲೇ ದೊಡ್ಡಬಳ್ಳಾಪುರದಿಂದ ಬಂದು, ಗಟ್ಟಿ ದನಿಯಲ್ಲಿ ಅಕ್ಕಿ ಆರಿಸುವವರಿಗೆ ಬುದ್ಧಿ ಹೇಳುತ್ತಿದ್ದಳು. ಮಹೇಂದ್ರ ಮೆಟ್ಟಿಲಿನವರೆಗೆ ಹೋದ. ತಾಯಿ ಕೆಳಗಿನಿಂದ ತಲೆಯೆತ್ತಿ ಅವನನ್ನು ನೋಡಿ, ಕಾಲು ನೋವಿದ್ದರೆ ಮಲಗು ಹೋಗಪ್ಪಾ ಎಂದಳು. ಅವನು ಹೂಂ ಎಂದು ಕೋಣೆಗೆ ಹೋಗಿ ಮಲಗಿದ.

ಶನಿವಾರ ದಾಸಯ್ಯ ಬಂದ. ನಡುಮನೆಯಲ್ಲಿ ಕಂಬಳಿ ಹಾಸಿ, ದಾಸಯ್ಯ ತಂದಿದ್ದ ಗರುಡಗಂಬದ ದೀಪ ಹಚ್ಚಿ, ಎಲೆಯ ತುಂಬ ಅನ್ನದ ರಾಶಿ ಹಾಕಿ ಎಡೆ ಇಟ್ಟರು. ಶಂಖ ಊದಿದರೆ ಕಿಟಕಿಯ ಗಾಜು ಅದುರಿತು. ಜಾಗಟೆಯ ಸದ್ದಿಗೆ ಮೇಲಿನ ಬಾಡಿಗೆಯವರೆಲ್ಲ ಇಳಿದು ಬಂದು ಕೈಮುಗಿದು ನಿಂತರು. ದಾಸಯ್ಯ ಒಂದೊಂದು ಸಲ ಗೋವಿಂದ ಎಂದಾಗಲೂ ಮನೆಯೇ ಗೋವಿಂದ ಎಂದಿತು. ಬಸವಕಿರಣ ಹೊಸ ಜುಬ್ಬಾ ಹಾಕಿಕೊಂಡು ಬಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಸಿದ್ದಲಿಂಗ ಬರಲಿಲ್ಲ. ಅವನಿಗೆ ಹುಷಾರಿಲ್ಲವಂತೆ ಎಂದು ತಿಳಿದು ಸೊಣ್ಣಮ್ಮ ಅವನ ಪಾಲಿನ ಊಟವನ್ನು ಕ್ಯಾರಿಯರಿಗೆ ಹಾಕಿಸಿಟ್ಟಳು.

ಪೂಜೆಯಾದ ಮೇಲೆ ದಾಸಯ್ಯ ಮಹೇಂದ್ರನನ್ನು ಕರೆದು ಮಣೆಯ ಮೇಲೆ ನಿಲ್ಲಿಸಿದ. ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದವನಿಗೆ ಆವತ್ತು ವಯಸ್ಸಿನ ಲೆಕ್ಕವಿಲ್ಲ. ದೊಡ್ಡವರೂ ಅವನ ಕಾಲಿಗೆ ಬೀಳಬೇಕು. ಈ ಪದ್ಧತಿಯನ್ನು ಮಹೇಂದ್ರ ಚಿಕ್ಕಂದಿನಿಂದ ನೋಡಿದ್ದ, ಆದರೆ ಅದು ತನ್ನ ಕಾಲಿಗೂ ಬರುತ್ತದೆಂದು ಹೇಗೋ ಮರೆತೇಬಿಟ್ಟಿದ್ದ. ಮೊದಲು ಚನ್ನಕ್ಕ ಬಗ್ಗಿದಳು. ಆಮೇಲೆ ಊರಿನ ಹಿರಿಯ ಬ್ಯಾಟರಾಯಪ್ಪ, ಕೋಲೂರಿಕೊಂಡು ಬಂದು. ಆಮೇಲೆ ಸೊಣ್ಣಮ್ಮ. ಗೋಡೆ ಹಿಡಿದು, ನೋಯುವ ಮಂಡಿಯನ್ನು ಒಂದೊಂದಾಗಿ ನೆಲಕ್ಕೆ ಊರಿ, ಹಣೆಯನ್ನು ಮಗನ ಪಾದಕ್ಕೆ ಮುಟ್ಟಿಸಿದಳು. ಅವಳ ಕಣ್ಣೀರು ಪಾದದ ಮೇಲೆ ಬಿತ್ತು. ಮಹೇಂದ್ರನಿಗೆ ಓಡಿಹೋಗಬೇಕೆನ್ನಿಸಿತು. ಮಣೆಯ ಮುಂದೆ ಜನ, ಹಿಂದೆ ಗೋಡೆ.

"ಸಾಕು ಏಳಮ್ಮ," ಎಂದ.

"ಸುಮ್ನಿರಪ್ಪ. ನನ್ ಕೂಸ್ನ ಉಳಿಸ್ದೋನ್ ನೋಡ್ ಬಂದಿರೋ ಕಾಲಿವು."

ನೋಡುತ್ತಿದ್ದವರೆಲ್ಲ ಕಣ್ಣು ಒರೆಸಿಕೊಂಡರು. ಬಸವಕಿರಣನ ದನಿ ಕೂಡ ಆಗ ನಿಂತಿತು. ಊಟ ಮುಗಿದ ಮೇಲೆ ಎಲ್ಲರೆದುರಿಗೆ ಸೊಣ್ಣಮ್ಮ ಮಗನ ಕೈಯಿಂದಲೇ ಎಲೆಅಡಿಕೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಅಷ್ಟು ದಿನ ಬಿಟ್ಟಿದ್ದ ಸುಣ್ಣ ಖಾರವಾಗಿ ಕೆಮ್ಮು ಬಂತು. ಚನ್ನಕ್ಕ ಬೆನ್ನು ತಟ್ಟಿ ನಗಾಡಿದಳು. ದಾಸಯ್ಯ ದಕ್ಷಿಣೆ ತೆಗೆದುಕೊಂಡು ಹೊರಟ, ಬಸವಕಿರಣ ಊಟದ ಕ್ಯಾರಿಯರು ಹಿಡಿದು ಹೊರಟ. ಹತ್ತಿರದ ನೆಂಟರೂ ಬ್ಯಾಟರಾಯಪ್ಪನೂ ಮಾತ್ರ ಉಳಿದು ನಡುಮನೆಯಲ್ಲಿ ಗೋಡೆಗೊರಗಿ ಕೂತರು. ಅಲ್ಲಿಗೆ ಎಲ್ಲ ಮುಗಿಯಿತೆಂದು ಮಹೇಂದ್ರ ಉಸಿರು ಬಿಟ್ಟ.

ಆಗ ಮೋನಿಕಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಅತ್ತೆಯ ಮುಂದೆ ಕೂತಳು. ಬರುವ ಶನಿವಾರ ತಾನೂ ತಿರುಪತಿಗೆ ಹೋಗುತ್ತೇನೆಂದಳು. ಹೋಗಿ ಬಾರಮ್ಮ, ಅದಕ್ಕೇನು ಎಂದಳು ಸೊಣ್ಣಮ್ಮ, ಖುಷಿಯಾಗಿ.

"ಮುಡಿ ಕೊಡ್ತೀನಿ ಅತ್ತೆ."

ಸೊಣ್ಣಮ್ಮ ಬಾಯಲ್ಲಿದ್ದದ್ದನ್ನು ಕೆನ್ನೆಗೆ ಸರಿಸಿ, ಅವನು ಕೊಟ್ಟು ಬಂದನಲ್ಲ, ನಿನಗ್ಯಾಕೆ ಎಂದು ಕೇಳಿದಳು. ಅವರದು ಅವರು ಕೊಟ್ಟರು, ಆಸ್ಪತ್ರೆಯಲ್ಲಿ ನಾನೂ ಬೇಡಿಕೊಂಡಿದ್ದೆ ಎಂದಳು ಮೋನಿಕಾ. ಮುತ್ತೈದೆಯರು ಪೂರ್ತಿ ಕೊಡುವುದು ಬೇಡ, ಮೂರು ಕತ್ತರಿ ಕೊಟ್ಟರೆ ಸಾಕು ಎಂದು ಚನ್ನಕ್ಕ ಮಧ್ಯೆ ಬಂದಳು. ಮೋನಿಕಾ ಪೂರ್ತಿಯೇ ಎಂದಳು. ಮೊಣಕಾಲಿನ ಹತ್ತಿರ ಬರುವ ಜಡೆ ಅವಳದು. ಹೆಣ್ಣು ನೋಡಲು ಹೋದ ದಿನ ಸೊಣ್ಣಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಒಪ್ಪಿಗೆ ಹೇಳಿದ್ದಳು.

ಸೊಣ್ಣಮ್ಮ ಮಗನ ಕಡೆ ತಿರುಗಿದಳು.

"ನೀನಾದ್ರೂ ಬುದ್ಧಿ ಏಳೋ. ಒಬ್ರು ಕೊಟ್ಮೇಲೆ ಸಾಕು. ನೀನು ಬ್ಯಾಡ ಅಂದ್ರೆ ಬಿಡ್ತಾಳೆ."

ಎಲ್ಲರೂ ಅವನನ್ನು ನೋಡಿದರು. ಮೋನಿಕಾಳೂ ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಕಾಯುತ್ತಿದ್ದಳು. ಬೇಡ ಎನ್ನಲು ಅವನಿಗೆ ಒಂದೇ ದಾರಿಯಿತ್ತು. ನಾನು ಕೊಟ್ಟಿಲ್ಲ,  ಕೊಡಬೇಕಾದವನು ನಾನು, ಬೆಳೆದ ಮೇಲೆ ಕೊಡ್ತೀನಿ ಎಂದು, ಈ ಜನದ ಮುಂದೆ, ಆಗ ತಾನೇ ತನ್ನ ಕಾಲಿಗೆ ಹಣೆ ಹಚ್ಚಿದ ತಾಯಿಯ ಮುಂದೆ ಹೇಳಬೇಕಿತ್ತು. ಬ್ಯಾಟರಾಯಪ್ಪ ಕೋಲಿನ ಮೇಲೆ ಗಲ್ಲವೂರಿ ಅವನನ್ನೇ ನೋಡುತ್ತಿದ್ದ. ತಾಯಿಯ ತುಟಿ ಎಲೆಅಡಿಕೆಯಿಂದ ಕೆಂಪಗಾಗಿತ್ತು.

"ಕೊಡ್ಲಿ ಬಿಡಮ್ಮ," ಎಂದ ಮಹೇಂದ್ರ. "ಬೇಡ್ಕೊಂಡಿದಾಳಲ್ಲ."

ಮೋನಿಕಾ ಕಣ್ಣು ತಗ್ಗಿಸಿದಳು. ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಚನ್ನಕ್ಕ ಹೇಳಿದಳು. ಸೊಣ್ಣಮ್ಮ ಸೊಸೆಯ ತಲೆಯ ಮೇಲೆ ಕೈಯಿಟ್ಟಳು.

ಸಂಜೆ ಶಾಮಿಯಾನ ಬಿಚ್ಚಿಕೊಂಡು ಹೋದರು. ಸೊಣ್ಣಮ್ಮ ಸೊಸೆಯನ್ನು ಅಂಗಳದ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹಿಂದೆ ತಾನು ಕೂತಳು. ದೇವರಿಗೆ ಹೋಗುವ ಕೂದಲು, ಸಿಕ್ಕಿರಬಾರದು, ವಾರವೆಲ್ಲ ಎಣ್ಣೆ ಹಾಕಿ ಬಾಚಬೇಕು ಎಂದಳು. ಎಣ್ಣೆ ಬಿಸಿ ಮಾಡಿ ತಾ ಎಂದು ಮಗನಿಗೆ ಹೇಳಿದಳು. ಅವನು ಬಟ್ಟಲಿನಲ್ಲಿ ತಂದ. ಕೆಳಗಿಟ್ಟರೆ ತಣ್ಣಗಾಗುತ್ತೆ, ಹಿಡಿದುಕೊಂಡು ಇಲ್ಲೇ ಕೂತ್ಕೊ ಎಂದಳು.

ಮಹೇಂದ್ರ ಒಂದು ಮೆಟ್ಟಿಲು ಕೆಳಗೆ ಕೂತ. ಸೊಣ್ಣಮ್ಮ ಜಡೆ ಬಿಚ್ಚಿ, ಎಳೆ ಎಳೆಯಾಗಿ ಬಿಡಿಸಿ, ಮೇಲಿನಿಂದ ಕೆಳಗಿನವರೆಗೆ ಎಣ್ಣೆ ಸವರತೊಡಗಿದಳು. ಬಿಚ್ಚಿದ ಕೂದಲು ಮೆಟ್ಟಿಲಿನಿಂದಿಳಿದು ಅವನ ಮಂಡಿಯ ಮೇಲೆ ಹರಡಿತು. ಮೋನಿಕಾ ಕಣ್ಣು ಮುಚ್ಚಿಕೊಂಡಿದ್ದಳು. ಸೊಣ್ಣಮ್ಮ ಬೆರಳು ಅದ್ದಲು ಕೈಚಾಚಿದಾಗಲೆಲ್ಲ ಅವನು ಬಟ್ಟಲನ್ನು ಒಂಚೂರು ಮೇಲೆತ್ತಿ ಹಿಡಿದ.